ಮಡಿವಾಳನ ಹೊಟ್ಟೆಗೆ ಎಷ್ಟು ನೆರಳು?

ಪೆನ್ಸಿಲ್ ಹಿಡಿದು ಹಕ್ಕಿ ಬಿಡಿಸಲು ಕೂತವರೆಲ್ಲ ಯಾವುದೋ ಹೊತ್ತಿಗೆ ಒಂದೇ ತಕರಾರಿಗೆ ಬಂದು ನಿಲ್ಲುತ್ತಾರೆ. ಹಕ್ಕಿಯ ಮೈ ಒಂದು ಕಡೆ ಕಪ್ಪಗೆ ಕಾಣುವುದಕ್ಕೆ ಎರಡು ಕಾರಣ ಇರಬಹುದು. ಅಲ್ಲಿನ ಗರಿಯೇ ಕಪ್ಪಗಿರಬಹುದು, ಇಲ್ಲವೇ ಅಲ್ಲಿಗೆ ಬೆಳಕು ತಲುಪದೆ ಹೋಗಿರಬಹುದು. ಪೆನ್ಸಿಲ್ಲಿಗೆ ಎರಡೂ ಬೂದುಬಣ್ಣವೇ. ಯಾವುದಕ್ಕೆ ಎಷ್ಟು ಬೂದು ಸಲ್ಲಬೇಕು ಎನ್ನುವುದರ ಮೇಲೆ ಚಿತ್ರ ನಿಲ್ಲುತ್ತದೆ ಅಥವಾ ಬೀಳುತ್ತದೆ. ಇದಕ್ಕೆ ನಿಜವಾಗಿಯೂ ಎರಡು ಪಕ್ಷಗಳಿವೆ ಎಂದು ನನಗೆ ಅನ್ನಿಸಿರುವುದರಿಂದ ಇಬ್ಬರನ್ನು ಮಾತಿಗೆ ಕೂರಿಸಿದ್ದೇನೆ. ಒಬ್ಬರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದ ಮೇಷ್ಟ್ರು. ಇನ್ನೊಬ್ಬಳು ಕೆರೆ, ಗದ್ದೆ, ಕುರುಚಲು ಕಾಡು ಅಲೆದು ಹಕ್ಕಿ ಗುರುತಿಸುವ, ಕಂಡದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬಿಡಿಸಿಕೊಳ್ಳುವ ಯುವತಿ. ಜಾಗ, ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿ. ಹೊತ್ತು, ಬಿಸಿಲು ಇನ್ನೂ ಓರೆಯಾಗಿರುವ ಬೆಳಿಗ್ಗೆ. ಎದುರಿನ ಒಣಗಿದ ಕೊಂಬೆಯ ಮೇಲೆ ಒಂದು ಗಂಡು ಮಡಿವಾಳ ಹಕ್ಕಿ: ತಲೆ, ಎದೆ, ಬೆನ್ನು ಮಿರುಗುವ ಕಪ್ಪು, ಹೊಟ್ಟೆ ಬಿಳಿ, ರೆಕ್ಕೆಯ ಉದ್ದಕ್ಕೂ ಬಿಳಿಯ ಪಟ್ಟಿ, ಬಾಲ ಮೇಲಕ್ಕೆ.

ಯುವತಿ: ಮೇಷ್ಟ್ರೇ, ನಿಮ್ಮ ಹಾಳೆಯಲ್ಲಿ ಇನ್ನೂ ಒಂದು ಗರಿಯೂ ಕಾಣ್ತಿಲ್ಲ. ನಾನಾಗಲೇ ರೆಕ್ಕೆಪಟ್ಟಿ, ಬಾಲದ ಅಂಚು, ಕೊಕ್ಕು ಎಲ್ಲ ಗುರುತು ಹಾಕಿಕೊಂಡೆ.

ಮೇಷ್ಟ್ರು: ಗರಿಗೆ ಅವಸರ ಇಲ್ಲಮ್ಮ. ನನ್ನ ಹಾಳೆಯಲ್ಲಿ ಈಗಿರೋದು ಒಂದು ಓರೆಗೆರೆ, ಒಂದು ಮೊಟ್ಟೆಯಾಕಾರ, ಅದರ ಮೇಲೊಂದು ಸಣ್ಣ ಗುಂಡು, ಅಷ್ಟೇ. ಓರೆಗೆರೆ ಹಕ್ಕಿ ಕೂತ ವಾಲು. ಅದು ತಪ್ಪಿದರೆ ಆಮೇಲೆ ಎಷ್ಟು ಚೆಂದಕ್ಕೆ ತೀಡಿದರೂ ಹಕ್ಕಿ ಕೊಂಬೆ ಮೇಲೆ ನಿಲ್ಲಲ್ಲ. ತಲೆ ಉದ್ದವನ್ನು ಪೆನ್ಸಿಲ್ ತುದಿಯಲ್ಲಿ ಅಳೆದುಕೊಂಡು, ಮೈ ಅದರ ಎಷ್ಟು ಪಟ್ಟು, ಬಾಲ ಎಷ್ಟು ಪಟ್ಟು ಅಂತ ನೋಡ್ತೀನಿ. ಕೊಕ್ಕಿನ ಸೀಳುಗೆರೆಯನ್ನು ಹಿಂದಕ್ಕೆ ಎಳೆದರೆ ಅದು ಕಣ್ಣಿನ ಎಷ್ಟು ಕೆಳಗೆ ಹಾದುಹೋಗುತ್ತೆ ಅಂತಲೂ ನೋಡಬೇಕು. ಇದಿಷ್ಟೂ 2ಎಚ್ ಪೆನ್ಸಿಲ್ಲಿನಲ್ಲಿ, ಕಂಡೂ ಕಾಣದ ಹಾಗೆ.

ಯುವತಿ: ಅಲ್ಲಿವರೆಗೆ ನನ್ನದೂ ಅದೇ ದಾರಿ. ನಮ್ಮಿಬ್ಬರಿಗೆ ಜಗಳ ಶುರುವಾಗೋದು ನೀವು ನೆರಳಿಗೆ ಕೈ ಹಾಕಿದಾಗ. ಈ ಹಕ್ಕಿಯ ಹೊಟ್ಟೆ ಬಿಳಿ. ಹೋದ ಸಲ ನೀವು ಬರೆದ ಮಡಿವಾಳನ ಹೊಟ್ಟೆ ಬೂದುಗಿತ್ತು. ಹಕ್ಕಿ ಗೊತ್ತಿಲ್ಲದವರು ಆ ಚಿತ್ರ ನೋಡಿದರೆ, ಬೂದು ಹೊಟ್ಟೆಯ ಬೇರೆ ಯಾವುದೋ ಹಕ್ಕಿ ಅಂದುಕೊಳ್ಳಲ್ವಾ?

ಮೇಷ್ಟ್ರು: ಕಣ್ಣು ಕಿರಿದು ಮಾಡಿ ನೋಡು. ರೆಪ್ಪೆಗಳು ಮುಟ್ಟೋಕೆ ಒಂದಿಷ್ಟು ಬಾಕಿ ಇರಲಿ. ಸಣ್ಣಪುಟ್ಟದ್ದೆಲ್ಲ ಕರಗಿ ಬರೀ ಬೆಳಕು, ಕತ್ತಲೆ ಎರಡೇ ಉಳಿಯುತ್ತೆ. ಇನ್ನೂ ಅನುಮಾನ ಇದ್ದರೆ ಈ ರಟ್ಟಿನ ತೂತಿನಲ್ಲಿ ನೋಡು. ಮೊದಲು ಬೆನ್ನಿನ ಮೇಲೆ ಬಿಸಿಲು ಹೊಡೆಯೋ ಜಾಗ, ಆಮೇಲೆ ಕಾಲಿನ ಹಿಂದೆ ಹೊಟ್ಟೆಯ ಕೆಳಭಾಗ. ಹಕ್ಕಿಯ ಹೆಸರು ಮರೆತುಬಿಡು. ತೂತಿನಲ್ಲಿ ಕಾಣೋ ಆ ಚೂರು ಎಷ್ಟು ಕಪ್ಪು ಅಂತಷ್ಟೇ ಹೇಳು.

ಯುವತಿ: ತಡೀರಿ... ಬೆನ್ನಿನ ಮಿಂಚೂ ಹೊಟ್ಟೆಯ ಬಿಳಿಯೂ ಹೆಚ್ಚುಕಡಿಮೆ ಒಂದೇ ಇದೆ.

ಮೇಷ್ಟ್ರು: ಇದೆ ತಾನೇ? ಕಪ್ಪು ಗರಿ, ಬಿಳಿ ಗರಿ, ಎರಡೂ ಒಂದೇ ಬೂದು. ಒಂದರ ಮೇಲೆ ನೇರ ಬಿಸಿಲು ಬಿದ್ದು ಜಾರುತ್ತಿದೆ. ಇನ್ನೊಂದಕ್ಕೆ ಬಿಸಿಲೇ ಇಲ್ಲ, ನೆಲದಿಂದ ಪುಟಿದು ಬಂದದ್ದಷ್ಟೇ. ನಾನು ಹೊಟ್ಟೆಗೆ ಬರೀ ಕಾಗದದ ಬಿಳುಪು ಬಿಟ್ಟರೆ ಅಲ್ಲಿಗೂ ಬಿಸಿಲು ಬೀಳುತ್ತಿದೆ ಅಂತಾಗುತ್ತೆ. ಆಗ ಮೈಯ ದುಂಡುತನ ಹೋಗಿ ಹಕ್ಕಿ ಕತ್ತರಿಸಿ ಅಂಟಿಸಿದ ರಟ್ಟಾಗುತ್ತೆ.

ಯುವತಿ: ತೂತಿನಲ್ಲಿ ನೋಡಿದಾಗ ಹಾಗೆ ಕಾಣುತ್ತೆ, ಒಪ್ಪಿದೆ. ರಟ್ಟು ಪಕ್ಕಕ್ಕಿಟ್ಟ ತಕ್ಷಣ ನನ್ನ ಕಣ್ಣಿಗೆ ಹೊಟ್ಟೆ ಮತ್ತೆ ಬಿಳಿ, ಬೆನ್ನು ಮತ್ತೆ ಕಪ್ಪು. ಮನುಷ್ಯರು ನೋಡೋದೇ ಹೀಗೆ. ನೆರಳನ್ನು ಕಳೆದು ಬಣ್ಣವನ್ನು ಉಳಿಸಿಕೊಳ್ಳುತ್ತೆ ನಮ್ಮ ಮಿದುಳು. ಹಕ್ಕಿ ಗುರುತಿಸೋ ಪುಸ್ತಕಗಳೂ ಅದನ್ನೇ ಮಾಡಿದ್ದು. 1934ರಲ್ಲಿ ಅಮೆರಿಕದ ರೋಜರ್ ಟೋರಿ ಪೀಟರ್ಸನ್ ತಮ್ಮ ಕೈಪಿಡಿ ತಂದಾಗ ಬೆಳಕಿನ ಆಟ ಎಲ್ಲ ತೆಗೆದು, ಹಕ್ಕಿಗಳನ್ನು ಒಂದೇ ಮಗ್ಗುಲಿಗೆ ಸಾಲಾಗಿ ನಿಲ್ಲಿಸಿ, ಗುರುತಿನ ಜಾಗಕ್ಕೆ ಗೆರೆ ಎಳೆದು ತೋರಿಸಿದರು. ಕೈಯಲ್ಲಿ ಬಂದೂಕು ಇಲ್ಲದ ಸಾಮಾನ್ಯ ಜನರೂ ದೂರದಿಂದಲೇ ಹಕ್ಕಿ ಗುರುತಿಸೋ ಹಾಗಾಯಿತು. ನಮ್ಮಲ್ಲಿ ಸಲೀಂ ಅಲಿಯವರ ಪುಸ್ತಕ 1941ರಲ್ಲಿ ಬಂತು. ಆ ಚಿತ್ರಪುಟಗಳನ್ನು ಇಟ್ಟುಕೊಂಡು ಎಷ್ಟು ಜನ ಹಕ್ಕಿ ಕಲಿತರು! ಒಂದೊಂದು ಹಕ್ಕಿಯ ಅರ್ಧ ಮೈಯನ್ನು ನೆರಳಲ್ಲಿ ಮುಳುಗಿಸಿದ್ದರೆ ಆ ಕೆಲಸ ಆಗ್ತಿತ್ತಾ?

ಮೇಷ್ಟ್ರು: ಆಗ್ತಿರಲಿಲ್ಲ. ಆ ಪುಸ್ತಕಗಳ ಬಗ್ಗೆ ನನಗೆ ಗೌರವ ಇದೆ. ಆದರೆ ಅಲ್ಲಿನ ಹಕ್ಕಿಗೆ ಹೊತ್ತು ಇಲ್ಲ, ಜಾಗ ಇಲ್ಲ. ಬೆಳಿಗ್ಗೆಯೋ ಸಂಜೆಯೋ, ಮೋಡವೋ ಬಿಸಿಲೋ ತಿಳಿಯಲ್ಲ. ಅದು ಮಡಿವಾಳ ಜಾತಿಯ ಚಿತ್ರ. ನಾನು ಬರೀತಿರೋದು ಈ ಕೊಂಬೆ ಮೇಲೆ, ಈ ಬಿಸಿಲಲ್ಲಿ, ಬಾಲ ಎತ್ತಿ ಕೂತಿರೋ ಈ ಒಂದು ಹಕ್ಕಿಯನ್ನ.

ಯುವತಿ: ನೀವು ಬರೀತಿರೋದು ಬಿಸಿಲನ್ನ. ಹಕ್ಕಿ ಅದಕ್ಕೊಂದು ನೆಪ.

ಇಲ್ಲಿ ಮೇಷ್ಟ್ರು ಸ್ವಲ್ಪ ಹೊತ್ತು ಮಾತಾಡದೆ ಪೆನ್ಸಿಲ್ ಕೆತ್ತುತ್ತಾರೆ. ಈ ಆರೋಪದಲ್ಲಿ ಹುರುಳಿದೆ. ಹಕ್ಕಿಯ ಮೈಯನ್ನು ಹೂಜಿಯಂತೆ, ಹಣ್ಣಿನಂತೆ ಕಂಡು, ಕಲಾಶಾಲೆಯಲ್ಲಿ ಕಲಿತ ಗೋಳದ ನೆರಳನ್ನು ಅದಕ್ಕೆ ಹೊದಿಸಿಬಿಟ್ಟ ಚಿತ್ರಗಳು ಬೇಕಾದಷ್ಟಿವೆ. ನೆರಳು ಲೆಕ್ಕಕ್ಕೆ ಸರಿಯಾಗಿರುತ್ತದೆ, ಯಾವ ಹಕ್ಕಿ ಎಂದು ಮಾತ್ರ ಹೇಳಲಾಗದು.

ಯುವತಿ: ಇನ್ನೂ ಒಂದು ಕೇಳ್ತೀನಿ. ಅಗೋ, ನೀರಿನ ಅಂಚಿನಲ್ಲಿ ಓಡಾಡ್ತಿರೋ ಆ ಗದ್ದೆಗೊರವ ನೋಡಿ. ಬೆನ್ನು ಕಂದು, ಹೊಟ್ಟೆ ಬಿಳಿ. ಹೊಟ್ಟೆ ಯಾಕೆ ಬಿಳಿ? ಬೆಳಕು ಮೇಲಿನಿಂದ ಬೀಳುತ್ತೆ, ಬೆನ್ನು ಬೆಳಗುತ್ತೆ, ಹೊಟ್ಟೆ ನೆರಳಾಗುತ್ತೆ. ಬೆನ್ನಿಗೆ ಗಾಢ ಬಣ್ಣ, ಹೊಟ್ಟೆಗೆ ತಿಳಿ ಬಣ್ಣ ಇದ್ದರೆ ಎರಡೂ ಸರಿಹೋಗಿ ಹಕ್ಕಿ ಕೆಸರಿಗೆ ಅಂಟಿದ ಹಾಗೆ ಚಪ್ಪಟೆಯಾಗಿ ಕಾಣುತ್ತೆ. ಗಿಡುಗನಿಗೆ ಗೊತ್ತಾಗಲ್ಲ. ಇದನ್ನು ಬಿಡಿಸಿ ಹೇಳಿದ ಅಬಟ್ ಥೇಯರ್ ನಿಮ್ಮ ಹಾಗೆಯೇ ಚಿತ್ರಕಾರ. ಅಮೆರಿಕದವರು, 1896ರಲ್ಲಿ ಪಕ್ಷಿವಿಜ್ಞಾನದ ಪತ್ರಿಕೆಯೊಂದರಲ್ಲಿ ಬರೆದರು. ಅಂದರೆ ತನ್ನ ಮೈಯ ದುಂಡುತನವನ್ನು ಅಳಿಸಿಕೊಳ್ಳೋಕೆ ಹಕ್ಕಿ ಇಷ್ಟೆಲ್ಲ ಪಾಡುಪಟ್ಟಿದೆ. ನೀವು ಶೇಡಿಂಗ್ ಅಂತ ಹೇಳಿ ಅದು ಅಳಿಸಿದ್ದನ್ನೇ ಮತ್ತೆ ಬರೀತೀರಿ. ನಿಜದ ಹಾಗೆ ಬರೆಯೋದು ಅಂದರೆ ಆ ಚಪ್ಪಟೆಯನ್ನ ಚಪ್ಪಟೆಯಾಗೇ ಬರೆಯೋದಲ್ವಾ?

ಮೇಷ್ಟ್ರು: ಭಲೇ. ಇದು ನಾನು ಯೋಚಿಸಬೇಕಾದ ಮಾತು. ಆದರೆ ಆ ಹೊಂದಾಣಿಕೆ ಕೂತಿರೋದು ತಲೆ ಮೇಲಿನ ಬೆಳಕಿಗೆ. ಈಗ ಸೂರ್ಯ ಎಲ್ಲಿದ್ದಾನೆ ನೋಡು, ಎಡಕ್ಕೆ, ಕೆಳಗೆ. ಗೊರವನ ಎದೆಯ ಎಡಪಕ್ಕಕ್ಕೆ ನೇರ ಬಿಸಿಲು, ಬಲಪಕ್ಕದಲ್ಲಿ ಅದೇ ಬಿಳಿ ನೀಲಿಬೂದಾಗಿದೆ. ಕೆಸರಿನ ಮೇಲೆ ಉದ್ದಕ್ಕೆ ಚಾಚಿದ ನೆರಳು ಬೇರೆ. ಈ ಹೊತ್ತಲ್ಲಿ ಹಕ್ಕಿಯ ಉಪಾಯ ನಡೀತಿಲ್ಲ. ಇದೇ ಗೊರವನನ್ನ ಮೋಡ ಕವಿದ ಮಧ್ಯಾಹ್ನ ಬರೆದರೆ ನೀನು ಹೇಳಿದ ಹಾಗೆ ಚಪ್ಪಟೆಯಾಗೇ ಬರೀಬೇಕು. ಇನ್ನು ಥೇಯರ್ ಮಾತು. ಅವರು ಕೊನೆಕೊನೆಗೆ ಎಲ್ಲ ಹಕ್ಕಿಯ ಎಲ್ಲ ಬಣ್ಣವೂ ಅಡಗೋಕೇ ಅಂತ ಹಟ ಹಿಡಿದರಲ್ಲ?

ಯುವತಿ: ಹೌದು, 1909ರ ಪುಸ್ತಕದಲ್ಲಿ. ರಾಜಹಂಸ ಗುಲಾಬಿಯಾಗಿರೋದು ಮುಂಜಾನೆ, ಮುಸ್ಸಂಜೆಯ ಆಕಾಶದಲ್ಲಿ ಕರಗಿಹೋಗೋಕೆ ಅಂದರು. ಥಿಯೊಡೋರ್ ರೂಸ್‌ವೆಲ್ಟ್ ಅದನ್ನ ಬಲವಾಗಿ ಖಂಡಿಸಿದರು. ಚಿತ್ರಕಾರನ ಕಣ್ಣನ್ನು ಅತಿಯಾಗಿ ನಂಬಿದರೆ ಆಗೋದು ಅದೇ ಅಲ್ವಾ?

ಮೇಷ್ಟ್ರು: ಒಂದೇ ಸೂತ್ರ ಹಿಡ್ಕೊಂಡು ಎಲ್ಲ ಹಕ್ಕಿಗೂ ಹಾಕಿದರೆ ಆಗೋದು ಅದು. ನನ್ನ ಗೋಳದ ನೆರಳಿಗೂ ಅದೇ ಮಾತು ಬರುತ್ತೆ, ನಿನ್ನ ಚಪ್ಪಟೆ ಪುಸ್ತಕಕ್ಕೂ ಬರುತ್ತೆ. ಈ ಮಡಿವಾಳನನ್ನೇ ನೋಡು. ಇದು ಅಡಗಿ ಕೂತಿಲ್ಲ. ಕಪ್ಪು ಬಿಳುಪು ಎರಡನ್ನೂ ಹೊತ್ತು, ಎಲ್ಲರಿಗೂ ಕಾಣೋ ತುದಿಕೊಂಬೆಯಲ್ಲಿ ಕೂತು ಹಾಡ್ತಿದೆ. ಇದಕ್ಕೆ ಗೊರವನ ನಿಯಮ ಹಾಕೋಕಾಗಲ್ಲ.

ಯುವತಿ: ಸರಿ, ನೆರಳು ಬೇಕು ಅಂತಲೇ ಇಟ್ಟುಕೊಳ್ಳೋಣ. ಹಕ್ಕಿ ಕೂತಲ್ಲಿ ಕೂರಲ್ಲ. ನೀವು ಮೊಟ್ಟೆ ಬರೆಯೋಷ್ಟರಲ್ಲಿ ಇದು ಎರಡು ಸಲ ಕೊಂಬೆ ಬದಲಿಸಿತು. ನನ್ನ ಹತ್ತಿರ ಇದೇ ಹಕ್ಕಿಯ ಒಳ್ಳೆ ಫೋಟೋ ಇದೆ. ಮನೆಗೆ ಹೋಗಿ ಅದನ್ನ ನೋಡಿ ನಿಧಾನವಾಗಿ ನೆರಳು ಹಾಕಿದರೆ ಏನು ತಪ್ಪು?

ಮೇಷ್ಟ್ರು: ಆ ಫೋಟೋ ತೆಗೆಯೋವಾಗ ಸೂರ್ಯ ಎಲ್ಲಿದ್ದ?

ಯುವತಿ: ನನ್ನ ಬೆನ್ನ ಹಿಂದೆ. ಎಲ್ಲರೂ ಹಾಗೇ ಅಲ್ವಾ ತೆಗೆಯೋದು? ಇಲ್ಲದಿದ್ದರೆ ಬಣ್ಣ ಬರಲ್ಲ.

ಮೇಷ್ಟ್ರು: ಅಲ್ಲೇ ನೆರಳು ಕಳೆದುಹೋಯ್ತು. ಬೆಳಕು ನಿನ್ನ ಹಿಂದಿನಿಂದ ಹೋಗಿ ಹಕ್ಕಿಯ ಮುಂಭಾಗಕ್ಕೆ ಪೂರ್ತಿ ಬಡಿದರೆ ನೆರಳೆಲ್ಲ ಹಕ್ಕಿಯ ಆಚೆ ಬದಿಗೆ ಹೋಗಿಬಿಡುತ್ತೆ. ಬಣ್ಣ ಸೊಗಸಾಗಿ ಬರುತ್ತೆ, ಉಬ್ಬುತಗ್ಗು ಇರಲ್ಲ. ಅದನ್ನ ಇಟ್ಟುಕೊಂಡು ಶೇಡಿಂಗ್ ಮಾಡೋಕೆ ಹೊರಟವರು ಫೋಟೋದಲ್ಲಿಲ್ಲದ ನೆರಳನ್ನ ಊಹೆಯಿಂದ ತುಂಬ್ತಾರೆ, ಅಥವಾ ಗರಿಯ ಬಣ್ಣವನ್ನೇ ನೆರಳು ಅಂದುಕೊಂಡು ತೀಡ್ತಾರೆ. ಕಪ್ಪು ಹಕ್ಕಿಯಾದರಂತೂ ಕ್ಯಾಮೆರಾದಲ್ಲಿ ಬೆನ್ನು ಪೂರಾ ಒಂದೇ ಕಪ್ಪು ಮುದ್ದೆ. ನಿನ್ನ ಕಣ್ಣಿಗೆ ಈಗ ಆ ಕಪ್ಪಿನೊಳಗೇ ಮೂರು ನಾಲ್ಕು ಮೆಟ್ಟಿಲು ಕಾಣ್ತಿಲ್ವಾ? ಬಿಸಿಲು ಬಿದ್ದ ಹೆಗಲಿನ ನೀಲಿ ಮಿಂಚು, ಅದರ ಪಕ್ಕದ ಮಂದ ಕಪ್ಪು, ಎದೆಯ ತಿರುವಿನಲ್ಲಿ ಕಡುಗಪ್ಪು, ಗಲ್ಲದ ಕೆಳಗೆ ಕೊಂಬೆಯಿಂದ ಪುಟಿದು ಬಂದ ಬೆಳಕಿನಲ್ಲಿ ಮತ್ತೆ ಒಂಚೂರು ತಿಳಿ.

ಯುವತಿ: ಕಾಣ್ತಿದೆ. ಗಲ್ಲದ ಕೆಳಗಿನ ಆ ತಿಳಿಯನ್ನ ನಾನು ಗಮನಿಸಿರಲಿಲ್ಲ. ಆದರೆ ಫೋಟೋವನ್ನ ಅಷ್ಟು ಸುಲಭಕ್ಕೆ ಬಿಟ್ಟುಕೊಡಲ್ಲ ನಾನು. ರೆಕ್ಕೆ ಬಡಿಯೋವಾಗ ಗರಿಗಳು ಹೇಗೆ ಬಿಚ್ಚಿಕೊಳ್ಳುತ್ತವೆ, ಮಡಚಿದಾಗ ಯಾವುದರ ಕೆಳಗೆ ಯಾವುದು ಹೋಗುತ್ತೆ, ಇದು ಬರಿಗಣ್ಣಿಗೆ ಸಿಗಲ್ಲ. ಪೂರ್ಣಚಂದ್ರ ತೇಜಸ್ವಿಯವರು ಕ್ಯಾಮೆರಾ ಹಿಡಿದು ಮೂಡಿಗೆರೆಯ ಕಾಡಲ್ಲಿ ಹಕ್ಕಿಗಳ ಹಿಂದೆ ಅಲೆದದ್ದರಿಂದ ಕನ್ನಡದಲ್ಲಿ ಎಷ್ಟೋ ಜನರಿಗೆ ಹಕ್ಕಿ ನೋಡೋ ಹುಚ್ಚು ಹಿಡೀತು. ಹಳೇ ಕಾಲದ ಚಿತ್ರಗಳಲ್ಲಿ ರೆಕ್ಕೆ ಅಂದರೆ ಮೀನಿನ ಹುರುಪೆಯ ಹಾಗೆ ಒಂದೇ ಸಮ ಗೀಚಿದ ಅರ್ಧಚಂದ್ರಗಳು. ಗರಿ ಯಾವ ಗುಂಪಿನದು ಅಂತ ಗೊತ್ತಿಲ್ಲದೆ ನೆರಳು ಹಾಕಿದರೆ ಏನು ಬಂತು?

ಮೇಷ್ಟ್ರು: ಅದನ್ನ ಹೇಳು. ಗುಂಪಿನ ವಿಷಯ ನಿನಗೇ ಚೆನ್ನಾಗಿ ಗೊತ್ತು.

ಯುವತಿ: ಬೆನ್ನಿನಿಂದ ಇಳಿದು ರೆಕ್ಕೆಯ ಬೇರನ್ನು ಮುಚ್ಚೋ ಹೆಗಲುಗರಿಗಳು ಒಂದು ಗುಂಪು. ಅದರ ಕೆಳಗೆ ಸಾಲುಸಾಲಾಗಿ ಹೊದಿಕೆ ಗರಿಗಳು, ಮೊದಲು ಚಿಕ್ಕವು, ಆಮೇಲೆ ದೊಡ್ಡವು. ಅವುಗಳ ಅಡಿಯಿಂದ ಹೊರಡೋದು ಹಾರುಗರಿಗಳು. ಮೈಗೆ ಹತ್ತಿರದವು ಮೇಲೆ, ತುದಿಯವು ಅವುಗಳ ಕೆಳಗೆ ಸರಿದು, ರೆಕ್ಕೆ ಮಡಚಿದಾಗ ಬಾಲದ ಬುಡದ ಹತ್ತಿರ ಚೂಪಾದ ಕಟ್ಟಾಗಿ ಕಾಣುತ್ತವೆ. ನಾಡಹೆಂಚು ಹೊದಿಸಿದ ಮಾಡಿನ ಹಾಗೆ ಒಂದು ಸಾಲಿನ ಅಂಚು ಮುಂದಿನ ಸಾಲಿನ ಮೇಲೆ ಕೂರುತ್ತೆ. ಬಾಲದಲ್ಲಿ ಇಂಥ ಹಕ್ಕಿಗಳಿಗೆ ಸಾಮಾನ್ಯವಾಗಿ ಹನ್ನೆರಡು ಗರಿ. ಇದು ಗೊತ್ತಿದ್ದರೆ ಮಡಿವಾಳನ ಬಿಳಿ ಪಟ್ಟಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಬೇಕು ಅನ್ನೋದು ತಾನೇ ತಿಳಿಯುತ್ತೆ. ಅದು ಮೇಲೆ ಬಳಿದ ಸುಣ್ಣ ಅಲ್ಲ, ಕೆಲವು ಹೊದಿಕೆ ಗರಿಗಳೂ ಒಳಗಿನ ಕೆಲವು ಹಾರುಗರಿಗಳ ಅಂಚೂ ಬಿಳಿಯಾಗಿರೋದು.

ಮೇಷ್ಟ್ರು: ಈಗ ನೀನು ಹೇಳಿದ ಆ ಮಾಡಿಗೇ ಬೆಳಕು ಹಾಕು. ಒಂದೊಂದು ಸಾಲಿನ ಅಂಚಿನ ಕೆಳಗೂ ಕೂದಲೆಳೆಯಷ್ಟು ಕಪ್ಪು ನೆರಳು ಬೀಳುತ್ತೆ. ಗರಿಯ ಗೆರೆ ಅಂತ ಜನ ಬರೀತಾರಲ್ಲ, ಅದು ಗೆರೆಯೇ ಅಲ್ಲ, ಮೇಲಿನ ಗರಿ ಕೆಳಗಿನದರ ಮೇಲೆ ಹಾಕಿದ ನೆರಳು. ಬಿಸಿಲ ಕಡೆ ಅದು ತೀರಾ ಸಣ್ಣ, ತಿರುವಿನ ಕಡೆ ದಪ್ಪ, ಪೂರ್ತಿ ನೆರಳೊಳಗೆ ಹೋದಾಗ ಇಲ್ಲವೇ ಇಲ್ಲ. ಆದ್ದರಿಂದಲೇ ನಾನು ಎಲ್ಲ ಗರಿಯನ್ನೂ ಬರೆಯಲ್ಲ. ಬೆಳಕು ನೆರಳಿಗೆ ತಿರುಗೋ ಜಾಗದಲ್ಲಿ ಮಾತ್ರ ನಾಲ್ಕೈದು ಗರಿ ಸ್ಪಷ್ಟವಾಗಿ. ಉಳಿದದ್ದನ್ನ ನೋಡೋವರ ಕಣ್ಣು ಪೂರೈಸಿಕೊಳ್ಳುತ್ತೆ. ಎದೆಯಲ್ಲಂತೂ ಗರಿ ಬಿಡಿಸೋದೇ ಬೇಡ. ಆ ಗರಿಗಳು ಒಂದರೊಳಗೊಂದು ಸೇರಿ ಮೆತ್ತನೆ ಮೈಯಾಗಿವೆ. ಅಲ್ಲಿ ಪೆನ್ಸಿಲ್ಲಿನ ಎಳೆಗಳು ಗರಿ ಬೆಳೆದ ದಿಕ್ಕಿಗೆ ಹೋದರೆ ಸಾಕು: ಕೊಕ್ಕಿನಿಂದ ಹಿಂದಕ್ಕೆ, ಗಂಟಲಿನಿಂದ ಕೆಳಕ್ಕೆ, ಹೊಟ್ಟೆಯ ಹತ್ತಿರ ಒಳಕ್ಕೆ ಬಾಗಿ.

ಯುವತಿ: ಈ ನಾಲ್ಕೈದು ಯಾವುವು ಅಂತ ಆರಿಸೋರು ಯಾರು?

ಮೇಷ್ಟ್ರು: ಬೆಳಕು.

ಯುವತಿ: ಬೆಳಕು ಹೆಣ್ಣು ಮಡಿವಾಳನ ರೆಕ್ಕೆಯಲ್ಲಿ ಗುರುತಿನ ಗರಿಯನ್ನೇ ನುಂಗಿದರೆ? ಹೆಣ್ಣಿಗೆ ಕಪ್ಪಿರೋ ಜಾಗದಲ್ಲಿ ಬೂದು. ನಿಮ್ಮ ನೆರಳಲ್ಲಿ ಅವಳು ಗಂಡಾಗಿಬಿಡ್ತಾಳೆ.

ಇದಕ್ಕೆ ಮೇಷ್ಟ್ರ ಹತ್ತಿರ ತಕ್ಷಣದ ಉತ್ತರ ಇಲ್ಲ. ನನ್ನ ಹತ್ತಿರವೂ ಇಲ್ಲ. ಮಧ್ಯಮ ಬೂದಿನ ಹಕ್ಕಿ ಪೆನ್ಸಿಲ್ಲಿಗೆ ಅತಿ ಹೊಂದುವ ಹಕ್ಕಿ, ಅತಿ ಸುಲಭವಾಗಿ ಮೋಸ ಮಾಡುವ ಹಕ್ಕಿಯೂ ಅದೇ. ಅವಳ ಬೂದು ಎಷ್ಟು, ಅವಳ ಮೇಲಿನ ನೆರಳು ಎಷ್ಟು ಎಂದು ಬೇರ್ಪಡಿಸಲು ಹಾಳೆಯ ಅಂಚಿನಲ್ಲಿ ಐದು ಚೌಕದ ಒಂದು ಮೆಟ್ಟಿಲುಸಾಲು ತೀಡಿಟ್ಟುಕೊಂಡು, ಬಿಸಿಲಲ್ಲಿನ ಬೂದಿಗೆ ಎರಡನೆಯ ಚೌಕ, ನೆರಳಿನ ಬೂದಿಗೆ ಮೂರನೆಯದು ಎಂದು ಮೊದಲೇ ಗೊತ್ತುಮಾಡಿ, ಐದನೆಯದನ್ನು ಕಣ್ಣಿಗೂ ಕೊಕ್ಕಿಗೂ ಕಾಲಿಗೂ ಮೀಸಲಿಡುವುದೊಂದು ದಾರಿ. ದಾರಿ ಇದ್ದಮಾತ್ರಕ್ಕೆ ಪ್ರಶ್ನೆ ತೀರಲಿಲ್ಲ. ಮಾತು ಈಗ ಸಾಮಗ್ರಿಯ ಕಡೆಗೆ ಹೊರಳುತ್ತದೆ.

ಯುವತಿ: ನೀವು ಕಪ್ಪು ತರೋಕೆ ಒತ್ತೋದೇ ಇಲ್ವಲ್ಲ?

ಮೇಷ್ಟ್ರು: ಒತ್ತಿದರೆ ಗ್ರಾಫೈಟು ಹೊಳೆಯುತ್ತೆ. ಓರೆಯಿಂದ ನೋಡಿದರೆ ಅತಿ ಕಪ್ಪಿರಬೇಕಾದ ಜಾಗವೇ ಬೆಳ್ಳಗೆ ಮಿಂಚುತ್ತೆ. ಫ್ರಾನ್ಸಿನ ಕೊಂಟೆ 1795ರಲ್ಲಿ ಗ್ರಾಫೈಟಿನ ಪುಡಿಗೆ ಜೇಡಿಮಣ್ಣು ಬೆರೆಸಿ ಸುಡೋ ವಿಧಾನಕ್ಕೆ ಪೇಟೆಂಟ್ ಪಡೆದರು. ಮಣ್ಣು ಹೆಚ್ಚಾದಷ್ಟೂ ಗಟ್ಟಿ, ತಿಳಿ. ಕಡಿಮೆಯಾದಷ್ಟೂ ಮೆದು, ಕಪ್ಪು. ಈ ಎಚ್, ಬಿ ಮೆಟ್ಟಿಲುಗಳೆಲ್ಲ ಅದರಿಂದ ಬಂದವು. ಹಾಗಾಗಿ ಕಪ್ಪು ಬೇಕಾದರೆ ಕೈ ಒತ್ತಬೇಡ, ಪೆನ್ಸಿಲ್ ಬದಲಿಸು. ಎಚ್‌ಬಿಯ ಮೇಲೆ 2ಬಿ, ಅದರ ಮೇಲೆ 4ಬಿ, ಪದರದ ಮೇಲೆ ಪದರ. ತೀರಾ ಕಡುಗಪ್ಪಿಗೆ ಇದ್ದಿಲಿನ ಪೆನ್ಸಿಲ್, ಅದು ಹೊಳೆಯಲ್ಲ.

ಯುವತಿ: ಬೆರಳಲ್ಲಿ ಸವರೋದು?

ಮೇಷ್ಟ್ರು: ಬೇಡವೇ ಬೇಡ. ಬೆರಳಿನ ಜಿಡ್ಡು ಕಾಗದಕ್ಕೆ ಹತ್ತಿದರೆ ಆಮೇಲೆ ಅಳಿಸೋಕೂ ಆಗಲ್ಲ, ಸಮನಾಗಿ ತೀಡೋಕೂ ಆಗಲ್ಲ. ಸವರಿದ ಹಕ್ಕಿಗೆ ಗರಿಯ ಬದಲು ಹೊಗೆ ಹೊದಿಸಿದ ಹಾಗಿರುತ್ತೆ. ಆಕಾಶಕ್ಕೆ, ದೂರದ ಮರಕ್ಕೆ ಸವರು. ಹಕ್ಕಿಗೆ ಎಳೆ.

ಯುವತಿ: ಇದರಲ್ಲಿ ನನ್ನದೊಂದು ಕೈಚಳಕ ಇದೆ, ನೋಡಿ. ಮಸಿ ಮುಗಿದ ಬಾಲ್‌ಪೆನ್. ನೆರಳು ಹಾಕೋ ಮೊದಲೇ ಇದರಲ್ಲಿ ಕಾಗದವನ್ನ ಅದುಮಿ ಗೆರೆ ಎಳೀತೀನಿ. ಬಿಳಿಯಾಗೇ ಉಳಿಯಬೇಕಾದ ಗರಿಯ ದಂಟು, ಕೊಕ್ಕಿನ ಬುಡದ ಮೀಸೆಯಂಥ ಎಳೆಗಳು. ಆಮೇಲೆ ಮೇಲೆಲ್ಲ ಪೆನ್ಸಿಲ್ ಓಡಿಸಿದರೆ ತಗ್ಗಿನೊಳಗೆ ಗ್ರಾಫೈಟು ಇಳಿಯಲ್ಲ, ಗೆರೆ ಬೆಳ್ಳಗೆ ಎದ್ದು ಬರುತ್ತೆ.

ಮೇಷ್ಟ್ರು: ಚೆನ್ನಾಗಿದೆ. ಆದರೆ ಒಮ್ಮೆ ಅದುಮಿದ್ದನ್ನ ವಾಪಸು ತಗೊಳ್ಳೋಕಾಗಲ್ಲ. ನಾನು ಈ ನಾದುರಬ್ಬರನ್ನ ಚೂಪು ಮಾಡಿ ಮುಟ್ಟಿಸಿ ಮುಟ್ಟಿಸಿ ಎತ್ತುತೀನಿ. ಉಜ್ಜಲ್ಲ. ಅರ್ಧ ಎತ್ತಬಹುದು, ಪೂರ್ತಿ ಎತ್ತಬಹುದು. ಬೆಳಕು ಅನ್ನೋದು ಹೀಗೆ ಮೆತ್ತಗೆ ಬಂದರೆ ಚೆನ್ನ.

ಯುವತಿ: ಅಂಚು ಖಚಿತವಾಗಿ ಇರಬೇಕಾದಲ್ಲಿ ಮೆತ್ತಗೆ ಬಂದರೆ ಚೆನ್ನಲ್ಲ.

ಮೇಷ್ಟ್ರು: ಕೊಕ್ಕಿಗೆ ಖಚಿತ ಅಂಚು, ಕಾಲಿಗೆ ಖಚಿತ ಅಂಚು, ಎದೆಗೆ ಕರಗಿದ ಅಂಚು. ಗಟ್ಟಿ ವಸ್ತುವಿನ ಮೇಲೆ ಮಿಂಚು ಸಣ್ಣದಾಗಿ, ಚುರುಕಾಗಿ ಕೂರುತ್ತೆ. ಗರಿಯ ಮೇಲೆ ಹರಡುತ್ತೆ. ಅಷ್ಟು ವ್ಯತ್ಯಾಸ ಬಂದರೂ ಚಿತ್ರ ಅರ್ಧ ಗೆದ್ದ ಹಾಗೆ. ಕಣ್ಣಿಗೆ ಬಾ ಈಗ. ನೀನು ಹೇಗೆ ಬರೀತೀಯ?

ಯುವತಿ: ಕಪ್ಪು ವೃತ್ತ, ನಡುವೆ ಒಂದು ಬಿಳಿ ಚುಕ್ಕೆ.

ಮೇಷ್ಟ್ರು: ನಡುವೆ ಇಟ್ಟರೆ ಅದು ಗುಂಡಿ. ಸೂರ್ಯ ಎಡಕ್ಕಿದ್ದಾನೆ, ಚುಕ್ಕೆಯೂ ಕಣ್ಣಿನ ಎಡ ಮೇಲ್ಭಾಗಕ್ಕೆ ಹೋಗಲಿ. ಸ್ವಲ್ಪ ಒಳಗೆ ನೋಡು. ಮೇಲಿನ ರೆಪ್ಪೆ ಕಣ್ಣಿನ ಮೇಲೆ ಸಣ್ಣ ನೆರಳು ಹಾಕಿದೆ, ಆದ್ದರಿಂದ ಮೇಲಂಚು ಅತಿ ಕಪ್ಪು. ಚುಕ್ಕೆ ಆ ಕಪ್ಪಿನ ಪಕ್ಕದಲ್ಲೇ ಇರೋದರಿಂದ ಅಷ್ಟು ಹೊಳೆಯುತ್ತೆ. ಚುಕ್ಕೆಗೆ ಎದುರುಬದಿ, ಬಲ ಕೆಳಭಾಗದಲ್ಲಿ, ಬೆಳಕು ಕಣ್ಣಿನ ಗೋಳದೊಳಗೆ ಹೊಕ್ಕು ಆಚೆ ಬದಿಯನ್ನ ಒಂಚೂರು ಬೆಳಗಿದೆ. ಅಲ್ಲಿ 2ಬಿ ಸಾಕು, 6ಬಿ ಬೇಡ. ಸುತ್ತ ರೆಪ್ಪೆಯ ಅಂಚಿನ ತೆಳು ಉಂಗುರ. ಅದರ ಆಚೆಗೆ ಗರಿಗಳು ಉಂಗುರದಿಂದ ಹೊರಕ್ಕೆ ಹೊರಡುತ್ತವೆ. ಅಷ್ಟು ಸಣ್ಣ ಜಾಗದಲ್ಲಿ ಐದೂ ಮೆಟ್ಟಿಲು ಬಂತು ನೋಡು.

ಯುವತಿ: ಮಡಿವಾಳನ ಕಣ್ಣು ಕಡುಗಂದು. ದೂರದಿಂದ ಕಪ್ಪು. ನೀವು ಹೇಳಿದ ಬಲ ಕೆಳಭಾಗದಲ್ಲಿ ಮಾತ್ರ ಆ ಕಂದು ಕಾಣುತ್ತೆ. ಅಂದರೆ ನೆರಳನ್ನ ಸರಿಯಾಗಿ ಬರೆದದ್ದಕ್ಕೇ ಇಲ್ಲಿ ಬಣ್ಣ ಸಿಕ್ಕಿತು.

ಮೇಷ್ಟ್ರು: ಸಿಕ್ಕಿತಲ್ಲ.

ಯುವತಿ: ಕಣ್ಣಿನ ಮಟ್ಟಿಗೆ ಒಪ್ಪಿದೆ. ಆದರೆ ನಿಜದ ಹಾಗೆ ಕಾಣೋಕೆ ಬಿಸಿಲು ನೆರಳು ಇರಲೇಬೇಕು ಅನ್ನೋದನ್ನ ಒಪ್ಪಲ್ಲ. ಜಹಾಂಗೀರನ ಆಸ್ಥಾನದ ಉಸ್ತಾದ್ ಮನ್ಸೂರರನ್ನ ತಗೊಳ್ಳಿ. ಅವರ ಸೈಬೀರಿಯಾ ಕೊಕ್ಕರೆಯ ಚಿತ್ರ ಕೋಲ್ಕತ್ತದ ಇಂಡಿಯನ್ ಮ್ಯೂಸಿಯಮ್ಮಿನಲ್ಲಿದೆ. ಆ ಕಾಲದ ಮೊಘಲ್ ಪಕ್ಷಿಚಿತ್ರಗಳಲ್ಲಿ ಸೂರ್ಯ ಯಾವ ಕಡೆ ಅಂತ ಸಾಮಾನ್ಯವಾಗಿ ಕೇಳೋ ಹಾಗೇ ಇಲ್ಲ. ಹಕ್ಕಿಯ ಮೈ ಆಚೆ ನೆರಳು ಚಾಚಿರಲ್ಲ. ಗರಿ ಗರಿಗೂ ಕುಂಚದ ತುದಿ ಮುಟ್ಟಿರುತ್ತೆ. ಆ ಕೊಕ್ಕರೆ ಚಳಿಗಾಲಕ್ಕೆ ಭರತಪುರಕ್ಕೆ ಬರ್ತಿತ್ತು, 2002ರ ನಂತರ ಅಲ್ಲಿ ಕಾಣಿಸಿಕೊಂಡಿಲ್ಲ. ಮನ್ಸೂರರದ್ದೇ ಅಂತ ಹೇಳೋ ಡೋಡೋ ಚಿತ್ರವೂ ಇದೆ, ಸುಮಾರು 1625ರದ್ದು, ಬದುಕಿದ್ದ ಡೋಡೋ ನೋಡಿ ಬರೆದದ್ದು ಅಂತ ತಿಳಿದವರು ನಂಬೋ ಕೆಲವೇ ಚಿತ್ರಗಳಲ್ಲಿ ಒಂದು. ಇವತ್ತು ಡೋಡೋದ ಬಣ್ಣ ಏನಿತ್ತು ಅಂತ ಕೇಳಿದರೆ ವಿಜ್ಞಾನಿಗಳು ಆ ಚಿತ್ರವನ್ನ ನೋಡ್ತಾರೆ. ಮನ್ಸೂರರು ಯಾವುದೋ ಒಂದು ಸಂಜೆಯ ಬೆಳಕನ್ನ ಅದರ ಮೇಲೆ ಸುರಿದಿದ್ದರೆ, ಬಣ್ಣ ಯಾವುದು ನೆರಳು ಯಾವುದು ಅಂತ ಈಗ ಯಾರು ಬಿಡಿಸ್ತಿದ್ದರು?

ಮೇಷ್ಟ್ರು: ಮನ್ಸೂರರ ಹೆಸರು ತೆಗೆದೆಯಲ್ಲ, ನಾನು ಕೈಮುಗಿದೆ. ಆದರೆ ಆ ಹಕ್ಕಿಗಳು ಚಪ್ಪಟೆಯಾ? ಅಲ್ಲ. ಮೈ ತಿರುಗೋ ಕಡೆ ಬಣ್ಣವನ್ನ ತೊಟ್ಟು ತೊಟ್ಟಾಗಿ ಗಾಢ ಮಾಡಿ ಉಬ್ಬು ತಂದಿದ್ದಾರೆ. ಬಿದ್ದ ನೆರಳನ್ನ ಬಿಟ್ಟರು, ಮೈಯ ನೆರಳನ್ನ ಇಟ್ಟುಕೊಂಡರು. ಎಲ್ಲ ಕಡೆಯಿಂದಲೂ ಮೆತ್ತನೆ ಬೆಳಕು ಬರೋ ಹಾಗೆ, ನಮ್ಮ ಮೋಡದ ದಿನದ ಹಾಗೆ. ಅದೂ ಶೇಡಿಂಗೇ.

ಯುವತಿ: ಆಯ್ಕೆ ಮಾಡಿದ ಶೇಡಿಂಗ್. ಕಂಡದ್ದನ್ನ ಕಂಡಂತೆ ಅಲ್ಲ.

ಮೇಷ್ಟ್ರು: ಅಲ್ಲ. ಅದನ್ನ ನಾನು ಅಲ್ಲಗಳೆಯಲ್ಲ.

ನನಗೆ ಈ ಮಾತಿನಲ್ಲಿ ಯುವತಿ ಮೇಲುಗೈ ಪಡೆದಳು ಎನಿಸುತ್ತದೆ. ಪೆನ್ಸಿಲ್ ಹಿಡಿದವರು ನೈಜತೆ ಎಂದಾಗ ಒಂದೇ ಕಿಟಕಿಯಿಂದ ಬರುವ ಬೆಳಕನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ಅದು ಯುರೋಪಿನ ಸ್ಟುಡಿಯೋಗಳಿಂದ ನಮ್ಮ ಡ್ರಾಯಿಂಗ್ ಪರೀಕ್ಷೆಗಳಿಗೆ ಇಳಿದ ರೂಢಿ. ಮನ್ಸೂರರ ಹಕ್ಕಿಗೆ ಆ ಕಿಟಕಿ ಬೇಕಾಗಲಿಲ್ಲ. ಹಾಗೆಂದು ಮೇಷ್ಟ್ರು ಸೋತರು ಎನ್ನಲಾರೆ, ಅವರ ಬಳಿ ಇನ್ನೊಂದು ಬಾಣವಿದೆ.

ಮೇಷ್ಟ್ರು: ನಿನ್ನ ಪಕ್ಷದ ದೊಡ್ಡ ಹೆಸರು ಆಡುಬಾನ್ ಅಲ್ವಾ? 1827ರಿಂದ 1838ರವರೆಗೆ ಹೊರಬಂದ 435 ಚಿತ್ರಫಲಕಗಳು, ಗರಿಗರಿಯೂ ಸ್ಪಷ್ಟ. ಅವರು ಹಕ್ಕಿಯನ್ನ ಹೊಡೆದು, ತಂತಿ ಚುಚ್ಚಿ, ಚೌಕಗೆರೆಯ ಹಲಗೆಗೆ ನಿಲ್ಲಿಸಿ ಬರೆದರು. ಅಳತೆ ಒಂದು ಕೂದಲೂ ತಪ್ಪಲ್ಲ. ಆದರೂ ಕೆಲವು ಹಕ್ಕಿಗಳು ನಿಂತ ಭಂಗಿ ನೋಡಿದರೆ ತಂತಿ ನೆನಪಾಗುತ್ತೆ. ಗರಿಯ ಲೆಕ್ಕ ಸಿಗಲಿ ಅಂತ ಜೀವ ತೆಗೆದರೆ ನೆರಳೂ ಸತ್ತಿರುತ್ತೆ. ಬದುಕಿರೋ ಹಕ್ಕಿ ಚಳಿಗೆ ಗರಿ ಉಬ್ಬಿಸಿದಾಗ ಒಂದು ಗುಂಡು, ಹೆದರಿ ಗರಿ ಒತ್ತಿದಾಗ ಇನ್ನೊಂದು ಗುಂಡು. ನೆರಳಿನ ಗೆರೆ ಎರಡರಲ್ಲೂ ಬೇರೆ ಬೇರೆ ಕಡೆ ಬೀಳುತ್ತೆ.

ಯುವತಿ: ಹಕ್ಕಿ ಕೊಲ್ಲೋದು ನನ್ನ ಪಕ್ಷ ಅಲ್ಲ, ಮೇಷ್ಟ್ರೇ. ಗರಿಯ ಲೆಕ್ಕ ಕಲಿಯೋಕೆ ಮನೆಯ ನಾಟಿಕೋಳಿ ಸಾಕು, ಅದರ ರೆಕ್ಕೆಯನ್ನ ಮೆಲ್ಲಗೆ ಬಿಚ್ಚಿ ನೋಡಿದರೆ ಹೊದಿಕೆ ಸಾಲು, ಹಾರುಗರಿ ಎಲ್ಲ ಕಾಣುತ್ತೆ. ಗೂಡಿನ ಹತ್ತಿರ ಹೋಗಿ ಹಕ್ಕಿಗೆ ತೊಂದರೆ ಕೊಟ್ಟು ಬರೆಯೋ ಚಿತ್ರವೂ ನನಗೆ ಬೇಡ. ಆದರೆ ನೀವು ಹೇಳಿದ ಉಬ್ಬಿದ ಗುಂಡು, ಒತ್ತಿದ ಗುಂಡು ನನ್ನ ನೋಟ್‌ಬುಕ್ಕಿಗೆ ಹೋಗಬೇಕಾದ ಮಾಹಿತಿ. ಹಕ್ಕಿ ಏನು ಮಾಡ್ತಿತ್ತು ಅನ್ನೋದನ್ನ ಅದು ಹೇಳುತ್ತೆ. ಇಷ್ಟು ದಿನ ನೆರಳನ್ನ ಅಲಂಕಾರ ಅಂತ ಬಿಟ್ಟುಬಿಡ್ತಿದ್ದೆ.

ಮೇಷ್ಟ್ರು: ನಾನೂ ಹೆಣ್ಣು ಮಡಿವಾಳನ ವಿಷಯ ಯೋಚಿಸ್ತಿದ್ದೆ. ಅವಳನ್ನ ಬರೆಯೋವಾಗ ಬಿಸಿಲನ್ನ ನಾನೇ ಸ್ವಲ್ಪ ತಗ್ಗಿಸಬೇಕು, ಇಲ್ಲದಿದ್ದರೆ ಬೂದು ಉಳಿಯಲ್ಲ. ನೋಡು, ಮತ್ತೆ ಬಂತು ಹಕ್ಕಿ. ಬಾಲ ಈ ಕಡೆ ಮಾಡಿದೆ. ಹೊರಗರಿಗಳ ಬಿಳುಪು ಕಾಣ್ತಿದೆ, ಆದರೆ ಬಾಲದ ಈ ಮಗ್ಗುಲು ಪೂರ್ತಿ ನೆರಳು. ಎಚ್‌ಬಿಯಲ್ಲಿ ಒಂದು ಪದರ ಹಾಕಿಬಿಡ್ತೀನಿ.

ಯುವತಿ: ಆ ಬಿಳಿಗೆ ಪೆನ್ಸಿಲ್ ಮುಟ್ಟಿಸಬೇಡಿ. ಹಾರಿಹೋಗೋವಾಗ ಮಡಿವಾಳನನ್ನ ನಾನು ಗುರುತಿಸೋದೇ ಅದರಿಂದ.

ಮೇಷ್ಟ್ರು: ಮುಟ್ಟಿಸದಿದ್ದರೆ ಬಾಲ ಮೈಯಿಂದ ಕಿತ್ತು ಮುಂದಕ್ಕೆ ಬರುತ್ತೆ. 2ಎಚ್?

ಯುವತಿ: 2ಎಚ್ ಆದರೆ ಬುಡದ ಹತ್ತಿರ ಮಾತ್ರ. ತುದಿ ಬರೀ ಕಾಗದ.

ಮೇಷ್ಟ್ರು: ತುದಿಗೂ ಬೇಕು, ಅಲ್ಲಿಗೂ ಬಿಸಿಲಿಲ್ಲ. ನಿನ್ನ ಹಾಳೆಯಲ್ಲಿ ನೀನು ಕಾಗದ ಬಿಡು, ನನ್ನದರಲ್ಲಿ ನಾನು ತೀಡ್ತೀನಿ. ಆಮೇಲೆ ಎರಡನ್ನೂ ಏರಿಯ ಆ ತುದಿಯಲ್ಲಿ ನಿಲ್ಲಿಸಿ, ದೂರದಿಂದ ನೋಡೋಣ.

ಯುವತಿ: ದೂರದಿಂದ ನೋಡಿದರೆ ನಿಮ್ಮದೇ ಗೆಲ್ಲುತ್ತೆ. ಹತ್ತಿರದಿಂದಲೂ ನೋಡಬೇಕು.